ಬಲಕ್ಕೆ ಎಳೆಯುತ್ತದೆ

ಬೆಳಿಗ್ಗೆ ಒಯ್ದ ಗಾಡಿಯನ್ನು ಬೇಕರಿಯ ತೆವೊಲ್ದೆ
ಮಧ್ಯಾಹ್ನಕ್ಕೇ ತಂದು ನಿಲ್ಲಿಸಿದ.
"ಬ್ರೇಕ್ ಒತ್ತಿದರೆ ಬಲಕ್ಕೆ ಎಳೆಯುತ್ತದೆ."
ಅಷ್ಟೇ ಅಂದದ್ದು. ಅಂಗಿ ಬೆನ್ನಿಗೆ ಅಂಟಿತ್ತು.

ಅಸ್ಮರಾ ಪೇಟೆಯಲ್ಲಿ ಬಲಕ್ಕೆಳೆದರೆ
ಫುಟ್‌ಪಾತು, ಒಂದು ತಾಳೆಮರ,
ಕಾಫಿಗೆ ಕೂತ ಮುದುಕರ ಕುರ್ಚಿ.
ಮಸ್ಸಾವಾ ಘಾಟಿಯಲ್ಲಿ ಎಳೆದರೆ ಮಂಜು.
ಮಂಜಿನ ಕೆಳಗೇನಿದೆ ಎಂದು
ನೋಡಿ ಬಂದು ಹೇಳಿದವರಿಲ್ಲ.

ಯುದ್ಧಕ್ಕೆ ಹೋದ ಹಬ್ತೆಜ್ಗಿ ಮಾವನ
ಕೈಕಾಲು ವಾಪಸು ಬಂದವು, ಹಸಿವು ಬಂತು,
ಬಯ್ಯುವ ಬಾಯಿ ಮೊದಲಿಗಿಂತ ಜೋರಾಗಿ ಬಂತು.
ಕಿವಿ ಬರಲಿಲ್ಲ.
ಕಿವಿಗೆ ನಾನಿದ್ದೆ, ಅಕ್ಬೆರೆತ್, ಹದಿನಾಲ್ಕು ವರ್ಷ,
ಶಾಲೆ ಬಿಟ್ಟ ಮೇಲೆ ಗ್ಯಾರೇಜಿನ ಕಿವಿ.

ಐವತ್ತೇಳರ ಫಿಯೆಟ್ಟನ್ನು
ಬಾಣಂತಿಯನ್ನು ಎಬ್ಬಿಸಿ ಕೂರಿಸುವಂತೆ ಜಾಕಿಗೇರಿಸಿ
ಹಿಂಗಾಲಿಗೆ ಕಲ್ಲು ಕೊಟ್ಟು
ಮುಂಗಾಲಿ ತಿರುಗಿಸುವುದು ನಾನು.
ಅವನು ಅಡಿಯಲ್ಲಿ ಅಂಗಾತ ಮಲಗಿ
ಸ್ಪ್ಯಾನರಿಗೆ ಉಸಿರು ಬಿಗಿಹಿಡಿದು ಇಷ್ಟಿಷ್ಟೇ.
ಒಳಗಿನ ಶೂ ಡ್ರಮ್ಮಿಗೆ ಸೋಕಿ
ಸರ್ ಅಂದರೆ ಒಂದು ಬೆರಳು.
ಗಾಲಿ ಕಚ್ಚಿ ನಿಂತರೆ ಮುಷ್ಟಿ.
ಆಮೇಲೆ ಹಿಂದಕ್ಕೆ, ಕೂದಲೆಳೆಯಷ್ಟು,
ಸದ್ದು ಇದೆಯೋ ಇಲ್ಲವೋ ಎಂಬಲ್ಲಿಗೆ,
ಮುಟ್ಟಿಯೂ ಮುಟ್ಟದ ಜಾಗಕ್ಕೆ.
ಅಂಗೈ ಬಿಡಿಸಿದೆನೋ, ಸಾಕು.
ಮತ್ತೆ ಎರಡನೆಯ ಶೂ. ಮತ್ತೆ ಅದೇ.

ಇಟಲಿಯವರು ಹೋದರು, ಇಥಿಯೋಪಿಯದವರು ಹೋದರು,
ಫ್ರೆನೊ ಎಂಬ ಅವರ ಮಾತು ನಮ್ಮ ಬಾಯಲ್ಲಿ ಉಳಿದು
ಬ್ರೇಕಿಗೆ ಅದೇ ಹೆಸರಾಯಿತು. ಲೈನಿಂಗು ಮಾತ್ರ
ಮೆದೆಬೆರ್ ಗುಜರಿಯದು, ಯಾವುದೋ ಸತ್ತ ಲಾರಿಯದನ್ನು
ಕತ್ತರಿಸಿ ರಿವೆಟ್ಟು ಬಡಿದದ್ದು.

ಮಾವ ಗಾಡಿಯಡಿಗೆ ಹೋಗಲಿಲ್ಲ. ನನ್ನನ್ನು ನೋಡಿದ.
"ಬಲಕ್ಕೆ ಎಳೆದರೆ ತಪ್ಪು ಬಲದ್ದಲ್ಲ, ಹುಡುಗಿ.
ನೆನ್ನೆ ಎಡಗಾಲಿಗೆ ಯಾಕೆ ಅಂಗೈ ಬಿಡಿಸಿದೆ?"

ಸುಳ್ಳು ಹೇಳಬಹುದಿತ್ತು.
ಆದರೆ ತುಟಿ ನೋಡಿಯೇ ಬದುಕುವವನ ಎದುರು
ಸುಳ್ಳಿಗೆ ತುಟಿ ಕೂಡಿಬರುವುದಿಲ್ಲ.

ನೆನ್ನೆ ಪಕ್ಕದ ಬಾರಿನ ರೇಡಿಯೋದಲ್ಲಿ ಸೈಕಲ್ ರೇಸು.
ನಮ್ಮ ಬೀದಿಯ ಮೊಗೋಸ್ ಕೊನೆಯ ಏರಿನಲ್ಲಿ ಎರಡನೆಯವ.
ಗಾಲಿ ತಿರುಗುತ್ತಿತ್ತು, ಅವನ ಗಾಲಿಯೂ ತಿರುಗುತ್ತಿತ್ತು,
ನಾನು ಯಾವುದನ್ನು ಕೇಳುತ್ತಿದ್ದೆ?
ಅವನು ಹಿಂದೆ ಬಿದ್ದ. ಅಯ್ಯೋ ಎಂದು
ಕೈ ತಾನೇ ತೆರೆದುಕೊಂಡಿತು.
ಅಡಿಯಿಂದ ನೋಡುತ್ತಿದ್ದವನು
ಅದನ್ನೇ ಸಾಕು ಎಂದು ಓದಿಕೊಂಡ.

"ಎಷ್ಟನೆಯವನಾದ?"
"ನಾಲ್ಕನೆಯವ."
"ಥೂ" ಎಂದ ಮಾವ.
ಆ ಥೂ ಮೊಗೋಸನಿಗೋ ನನಗೋ
ಇವತ್ತಿಗೂ ಗೊತ್ತಾಗಿಲ್ಲ.

ಗಾಲಿ ಬಿಚ್ಚಿದ. ಬರಿಯ ಡ್ರಮ್ಮಿನ ಮೇಲೆ
ನನ್ನ ಕೈ ಒತ್ತಿ ಇಟ್ಟು
"ಕಿವಿಗೆ ನೂರು ಜನ ನೆಂಟರು" ಎಂದ,
"ಕೈಗೆ ಯಾರೂ ಇಲ್ಲ. ಕಣ್ಣು ಮುಚ್ಚು."

ಮೊದಲು ಬರೀ ತಣ್ಣಗಿನ ಕಬ್ಬಿಣ.
ಆಮೇಲೆ ದೂರದಲ್ಲೆಲ್ಲೋ
ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.
ಆಮೇಲೆ ಬೆಕ್ಕು ಬಟ್ಟೆಯ ಮೇಲಿಂದ ನೆಕ್ಕಿದ ಹಾಗೆ.
ಅದು ಸುತ್ತಿಗೊಮ್ಮೆ ಬರುತ್ತಿತ್ತು, ಒಂದೇ ಕಡೆ.
ಡ್ರಮ್ಮು ದುಂಡಗಿಲ್ಲ ಎಂದು
ಕಿವಿ ಒಂದು ದಿನವೂ ನನಗೆ ಹೇಳಿರಲಿಲ್ಲ.

ಸಂಜೆ ಘಾಟಿಯ ಮೊದಲ ಇಳಿಜಾರು.
ಹಿಂದಿನ ಸೀಟಿನಲ್ಲಿ ತೆವೊಲ್ದೆ,
ಮಡಿಲಲ್ಲಿ ಮಾರಾಟವಾಗದ ಬ್ರೆಡ್ಡು, ಬಾಯಲ್ಲಿ ದೇವರು.
ಎದುರು ಯಾರೂ ಇಲ್ಲದ ಒಂದು ನೇರ ತುಂಡಿನಲ್ಲಿ
ಮಾವ ಸ್ಟಿಯರಿಂಗಿನಿಂದ ಎರಡೂ ಕೈ ಎತ್ತಿ
ಬ್ರೇಕು ತುಳಿದ.

ಗಾಡಿ ನಿಂತಿತು. ಎತ್ತಲೂ ತಿರುಗದೆ.
ರಸ್ತೆಯಂಚಿನ ಕಲ್ಲುಗೋಡೆಯ ಮೇಲೊಂದು ಬಬೂನು
ಮರಿಯ ಹೇನು ಹೆಕ್ಕುವುದನ್ನು ಬಿಟ್ಟು
ನಮ್ಮನ್ನು ನೋಡಿ, ಮತ್ತೆ ಹೆಕ್ಕತೊಡಗಿತು.

ಕೈ ಇನ್ನೂ ಗಾಳಿಯಲ್ಲೇ ಇಟ್ಟುಕೊಂಡು
ಮಾವ ನನ್ನತ್ತ ತಿರುಗಿ ಹುಬ್ಬೇರಿಸಿದ.

ಕೆಳಗಿನಿಂದ ಮಂಜು ಏರುತ್ತಿತ್ತು.
ನಾನು ಅಂಗೈ ಬಿಡಿಸಿದೆ.
ಈ ಸಲ ನೋಡಿಕೊಂಡು.